ದಡ ಹತ್ತುವ ಚಂಡಮಾರುತದ ಬೆನ್ನು ಹತ್ತಬೇಡಿ

ಮುಂಗಾರಿಗೆ ಮುನ್ನ ಏಪ್ರಿಲ್-ಮೇ ತಿಂಗಳುಗಳಲ್ಲಿ, ಮುಂಗಾರು ಕಳೆದ ಮೇಲೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ಬಂಗಾಳ ಕೊಲ್ಲಿಯಲ್ಲೂ ಅರಬ್ಬಿ ಸಮುದ್ರದಲ್ಲೂ ಚಂಡಮಾರುತಗಳು ಏಳುವುದು ನಿಮಗೆ ತಿಳಿದ ವಿಷಯವೇ. ಒಳನಾಡಿನ ರೈತರಿಗೆ ಅದು ನಾಲ್ಕು ದಿನದ ಮೋಡ ಮತ್ತು ಅಕಾಲದ ಮಳೆಯಾಗಿ ಕಾಣಿಸುತ್ತದೆ. ಕರಾವಳಿಯ ರೈತರಿಗೆ ಅದು ಪ್ರಾಣದ ಪ್ರಶ್ನೆ. ಇದೇ ಬಿರುಗಾಳಿಗೆ ಅಟ್ಲಾಂಟಿಕ್ ಸಾಗರದ ಕಡೆ ಹರಿಕೇನ್ ಎಂದೂ, ಚೀನಾ-ಜಪಾನ್ ಕಡೆ ಟೈಫೂನ್ ಎಂದೂ ಹೆಸರು. ಹೆಸರು ಬೇರೆ, ಜಾತಿ ಒಂದೇ.

ಅಮೆರಿಕದ ತೀರದಲ್ಲಿ ಹರಿಕೇನ್ ಬರುವ ಸೂಚನೆ ಸಿಕ್ಕೊಡನೆ ಊರಿನ ಜನ ಒಳನಾಡಿನ ಕಡೆ ಹೊರಡುತ್ತಾರೆ. ಅದೇ ಹೊತ್ತಿಗೆ ಕೆಲವರು ಕ್ಯಾಮೆರಾ ಹಿಡಿದು, ಕಾರು ಹತ್ತಿ, ಎದುರು ದಿಕ್ಕಿನಲ್ಲಿ ಕಡಲಿನ ಕಡೆಗೆ ಹೊರಡುತ್ತಾರೆ. ಬಿರುಗಾಳಿಯನ್ನು ಬೆನ್ನಟ್ಟಿ ಚಿತ್ರ ತೆಗೆಯುವುದು ಅವರಲ್ಲಿ ಕೆಲವರಿಗೆ ಉದ್ಯೋಗ, ಹಲವರಿಗೆ ಹವ್ಯಾಸ. ಈಗ ಎಲ್ಲರ ಕೈಯಲ್ಲೂ ಕ್ಯಾಮೆರಾ ಇರುವ ಫೋನು ಇರುವುದರಿಂದ ನಮ್ಮ ತೀರದಲ್ಲೂ ಅಲೆಯ ಅಬ್ಬರ ನೋಡಲು ಜನ ಸೇರುವುದುಂಟು. ಈ ಕುತೂಹಲ ಎಷ್ಟು ಅಪಾಯಕರ, ಅದರ ಕಾರಣಗಳೇನು, ಅದರಿಂದ ರೈತರು ತಿಳಿಯಬೇಕಾದದ್ದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ದಡ ಮುಟ್ಟುವುದು ಎಂದರೇನು?

ಮಜ್ಜಿಗೆ ಕಡೆಯುವಾಗ ಗಮನಿಸಿ. ಕಡಗೋಲು ರಭಸವಾಗಿ ತಿರುಗಿದಂತೆ ನಡುವೆ ಒಂದು ಗುಳಿ ಬೀಳುತ್ತದೆ. ಅದರ ಸುತ್ತ ಮಜ್ಜಿಗೆ ವೇಗವಾಗಿ ಸುತ್ತುತ್ತದೆ. ಚಂಡಮಾರುತದ ರಚನೆಯೂ ಹೆಚ್ಚುಕಡಿಮೆ ಹೀಗೆಯೇ. ಬೆಚ್ಚಗಿನ ಸಮುದ್ರದಿಂದ ಮೇಲೇಳುವ ಆವಿ ಅದರ ಆಹಾರ. ನಡುವೆ ಗಾಳಿ ಶಾಂತವಾಗಿರುವ ಭಾಗಕ್ಕೆ ‘ಕಣ್ಣು’ ಎನ್ನುತ್ತಾರೆ. ಕಣ್ಣಿನ ಸುತ್ತ ಗೋಡೆಯಂತೆ ನಿಂತ ಮೋಡಗಳ ಉಂಗುರದಲ್ಲಿ ಗಾಳಿಯ ವೇಗ ಎಲ್ಲಕ್ಕಿಂತ ಹೆಚ್ಚು.

ಈ ಕಣ್ಣಿನ ನಡುಭಾಗ ತೀರವನ್ನು ದಾಟುವ ಗಳಿಗೆಯನ್ನೇ ಹವಾಮಾನ ತಜ್ಞರು ‘ದಡ ಮುಟ್ಟಿತು’ ಎನ್ನುವುದು. ಆದ್ದರಿಂದ ಮಧ್ಯಾಹ್ನ ಎರಡು ಗಂಟೆಗೆ ದಡ ಮುಟ್ಟುತ್ತದೆ ಎಂದು ಆಕಾಶವಾಣಿಯಲ್ಲಿ ಕೇಳಿದರೆ, ಎರಡು ಗಂಟೆಯವರೆಗೆ ಹೊರಗಿರಬಹುದು ಎಂದು ಅರ್ಥವಲ್ಲ. ಬಿರುಸು ಗಾಳಿ ಹಲವು ಗಂಟೆ ಮೊದಲೇ ಬಂದಿರುತ್ತದೆ.

ಗಾಳಿಯ ಲೆಕ್ಕ

ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತಡ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಗಂಟೆಗೆ 100 ಕಿ.ಮೀ. ವೇಗದ ಗಾಳಿ ತನಗೆ ಎದುರಾದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 48 ಕಿಲೋ ತೂಕದಷ್ಟು ಒತ್ತಡ ಹಾಕುತ್ತದೆ. 200 ಕಿ.ಮೀ. ಆದಾಗ ಅದು 190 ಕಿಲೋ ದಾಟುತ್ತದೆ, 250 ಕಿ.ಮೀ.ಗೆ ಸುಮಾರು 300 ಕಿಲೋ ಆಗುತ್ತದೆ. ಎದುರಿಗೆ ನಿಂತ ಮನುಷ್ಯನ ಮೈ ಅರ್ಧ ಚದರ ಮೀಟರ್ ಎಂದು ಹಿಡಿದರೂ, ಒಂದೂವರೆ ಕ್ವಿಂಟಲ್ ಭಾರ ಅವನನ್ನು ತಳ್ಳಿದಂತಾಯಿತು. ಅಂಥ ಗಾಳಿಯಲ್ಲಿ ಯಾರೂ ಕಾಲೂರಿ ನಿಲ್ಲಲಾರರು.

ಬರಿಯ ಗಾಳಿಗಿಂತ ಗಾಳಿ ಹೊತ್ತು ತರುವ ವಸ್ತುಗಳು ಹೆಚ್ಚು ಅಪಾಯಕರ. ಕಣದಲ್ಲಿ ರಾಶಿ ತೂರುವಾಗ ಹೊಟ್ಟು ದೂರ ಹಾರುತ್ತದೆ, ಗಟ್ಟಿ ಕಾಳು ಕಾಲ ಬಳಿಯೇ ಬೀಳುತ್ತದೆ. ಚಂಡಮಾರುತದ ಗಾಳಿಗೆ ತಗಡು, ಹಂಚು, ಮರದ ಕೊಂಬೆ, ನಾಮಫಲಕ ಎಲ್ಲವೂ ಹೊಟ್ಟೇ. ಎರಡು ಚದರ ಮೀಟರ್ ಅಗಲದ ತಗಡಿನ ಮೇಲೆ 200 ಕಿ.ಮೀ. ವೇಗದ ಗಾಳಿ ನಾಲ್ಕು ಕ್ವಿಂಟಲಿಗೆ ಹತ್ತಿರದ ಒತ್ತಡ ಹಾಕುತ್ತದೆ. ಮೊಳೆ ಕಿತ್ತು ಹಾರಿಬಂದ ತಗಡು ಕತ್ತಿಗಿಂತ ಕ್ರೂರ. ಕಾರಿನ ಗಾಜು ಅದನ್ನು ತಡೆಯಲಾರದು.

ಕೊಲ್ಲುವುದು ಹೆಚ್ಚಾಗಿ ನೀರು

ಚಂಡಮಾರುತ ಎಂದೊಡನೆ ನಮಗೆ ನೆನಪಾಗುವುದು ಗಾಳಿ. ಆದರೆ ಅಮೆರಿಕದಲ್ಲಿ 1963ರಿಂದ 2012ರವರೆಗೆ ಚಂಡಮಾರುತಗಳಿಂದ ನೇರವಾಗಿ ಆದ ಸಾವುಗಳನ್ನು ಪರಿಶೀಲಿಸಿದಾಗ, ಹತ್ತರಲ್ಲಿ ಸುಮಾರು ಒಂಬತ್ತು ಸಾವು ನೀರಿನಿಂದ ಆದದ್ದು ಎಂದು ಕಂಡುಬಂದಿದೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಸಮುದ್ರದ ಉಬ್ಬರದಿಂದ ಆದವು.

ಬಿರುಗಾಳಿ ಸಮುದ್ರದ ನೀರನ್ನು ದಡದ ಕಡೆಗೆ ತಳ್ಳುತ್ತಲೇ ಇರುತ್ತದೆ. ನಡುವಿನ ವಾಯುಭಾರ ಕುಸಿದಿರುವುದರಿಂದಲೂ ನೀರಿನ ಮಟ್ಟ ಏರುತ್ತದೆ. ಒಂದು ಮಿಲಿಬಾರ್ ಕುಸಿತಕ್ಕೆ ಸುಮಾರು ಒಂದು ಸೆಂಟಿಮೀಟರ್ ಏರಿಕೆ. ತೀರದ ಸಮುದ್ರ ಆಳವಿಲ್ಲದಿದ್ದರೆ ನೀರಿಗೆ ಹೋಗಲು ಬೇರೆ ದಾರಿಯಿಲ್ಲ, ಅದು ಊರಿಗೇ ನುಗ್ಗುತ್ತದೆ. ಇದರ ಮೇಲೆ ಅಲೆಗಳು ಬೇರೆ. ಒಂದು ಘನ ಮೀಟರ್ ಗಾಳಿ ತೂಗುವುದು ಸುಮಾರು ಒಂದೂಕಾಲು ಕಿಲೋ. ಅಷ್ಟೇ ಸಮುದ್ರದ ನೀರು ಸಾವಿರ ಕಿಲೋ ಮೀರುತ್ತದೆ. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಬೀಳಿಸಬಲ್ಲದು. ಒಂದಡಿ ನೀರಿಗೆ ಸಣ್ಣ ಕಾರು ತೇಲುತ್ತದೆ. ಎರಡಡಿ ನೀರು ಹೆಚ್ಚಿನ ವಾಹನಗಳನ್ನು ಎಳೆದೊಯ್ಯುತ್ತದೆ.

ಉತ್ತರ ಗೋಳಾರ್ಧದಲ್ಲಿ, ಚಂಡಮಾರುತ ಸಾಗುವ ದಿಕ್ಕಿಗೆ ಮುಖಮಾಡಿ ನಿಂತರೆ ಬಲಗಡೆಯ ಭಾಗದಲ್ಲಿ ಗಾಳಿ ಮತ್ತು ಉಬ್ಬರ ಎರಡೂ ಹೆಚ್ಚು. ಬೆನ್ನಟ್ಟಿ ಹೋದವರು ಈ ಲೆಕ್ಕ ಹಾಕಿಯೇ ಜಾಗ ಹಿಡಿಯುತ್ತಾರೆ. ಆದರೆ ಕೊನೆಯ ಗಳಿಗೆಯಲ್ಲಿ ಚಂಡಮಾರುತ ದಾರಿ ಬದಲಿಸಿದರೆ ಆ ಲೆಕ್ಕವೆಲ್ಲ ಮಣ್ಣುಪಾಲು.

ಮುನ್ಸೂಚನೆಗಿಂತ ಮುಂದೆ ಓಡುವ ಬಿರುಗಾಳಿ

2004ರ ಆಗಸ್ಟ್ 13ರಂದು ಚಾರ್ಲಿ ಎಂಬ ಹರಿಕೇನ್ ಫ್ಲಾರಿಡಾದ ಟ್ಯಾಂಪಾ ಕಡೆಗೆ ಹೋಗುತ್ತದೆ ಎಂದು ಹಲವರು ನಂಬಿದ್ದರು. ಅದು ಮೊದಲೇ ಬಲಕ್ಕೆ ತಿರುಗಿ, ಕೆಲವೇ ಗಂಟೆಗಳಲ್ಲಿ ಎರಡನೆಯ ದರ್ಜೆಯಿಂದ ನಾಲ್ಕನೆಯ ದರ್ಜೆಗೆ ಏರಿ, ಬಹಳ ದಕ್ಷಿಣಕ್ಕಿರುವ ಪುಂಟಾ ಗೋರ್ಡಾ ಪ್ರದೇಶಕ್ಕೆ ಬಡಿಯಿತು. 2018ರಲ್ಲಿ ಮೈಕೆಲ್ ಎಂಬ ಹರಿಕೇನ್ ಅಕ್ಟೋಬರ್ 7ರಂದು ಕೇವಲ ವಾಯುಭಾರ ಕುಸಿತವಾಗಿತ್ತು. ಮೂರೇ ದಿನಗಳಲ್ಲಿ, ಅಕ್ಟೋಬರ್ 10ರ ಮಧ್ಯಾಹ್ನ, ಗಂಟೆಗೆ ಸುಮಾರು 257 ಕಿ.ಮೀ. ಗಾಳಿಯೊಡನೆ ಅದೇ ರಾಜ್ಯದ ಮೆಕ್ಸಿಕೋ ಬೀಚ್ ಊರಿನ ಬಳಿ ದಡ ಹತ್ತಿತು. ಅಲ್ಲಿ ನೆಲದ ಮೇಲೆ 9ರಿಂದ 14 ಅಡಿ ನೀರು ನಿಂತಿತು. ಆ ಗಾಳಿ ಒಳನಾಡಿಗೂ ನುಗ್ಗಿ, ಪಕ್ಕದ ಜಾರ್ಜಿಯಾ ರಾಜ್ಯದಲ್ಲಿ ಬಿಡಿಸಲು ಸಿದ್ಧವಾಗಿದ್ದ ಹತ್ತಿಯನ್ನು ನೆಲಕ್ಕೆ ಉದುರಿಸಿತು. ಪೆಕನ್ ತೋಟಗಳ ಮರಗಳನ್ನು ಬುಡಸಮೇತ ಕೆಡವಿತು.

ಹಿಂದಿನ ಅನುಭವವೂ ಕೆಲವೊಮ್ಮೆ ಮೋಸ ಮಾಡುತ್ತದೆ. ಮಿಸಿಸಿಪಿ ರಾಜ್ಯದ ತೀರಕ್ಕೆ 1969ರ ಆಗಸ್ಟ್‌ನಲ್ಲಿ ಕಮೀಲ್ ಎಂಬ ಹರಿಕೇನ್ ಬಡಿದಾಗ ಗಾಳಿಯ ವೇಗ ಗಂಟೆಗೆ ಸುಮಾರು 280 ಕಿ.ಮೀ. ಇತ್ತು. ಉಬ್ಬರ ಸುಮಾರು 24 ಅಡಿ ಬಂದಿತ್ತು. ‘ಆಗಲೇ ನೀರು ನಮ್ಮ ಮನೆ ಮುಟ್ಟಲಿಲ್ಲ, ಈಗ ಮುಟ್ಟೀತೇ?’ ಎಂದು ಕೆಲವರು 2005ರ ಆಗಸ್ಟ್ 29ರಂದು ಕತ್ರೀನಾ ಬಂದಾಗ ಊರು ಬಿಡಲಿಲ್ಲ. ಕತ್ರೀನಾದ ಗಾಳಿ ಅಲ್ಲಿ ಸುಮಾರು 195 ಕಿ.ಮೀ. ಮಾತ್ರ. ಆದರೆ ಅದರ ವಿಸ್ತಾರ ಬಹಳ ದೊಡ್ಡದು. ಪಾಸ್ ಕ್ರಿಶ್ಚಿಯನ್ ಊರಿನಲ್ಲಿ ನೀರು ಸುಮಾರು 28 ಅಡಿ ಏರಿತು. ಹಳೆಯ ನೆರೆಯ ಗುರುತು ಹೊಸ ನೆರೆಗೆ ಎಲ್ಲೆಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಕಣ್ಣಿನ ಮೋಸ

ಎಲ್ಲಕ್ಕಿಂತ ದೊಡ್ಡ ಮೋಸ ಚಂಡಮಾರುತದ ಕಣ್ಣು. ಅದು ತಲೆಯ ಮೇಲೆ ಬಂದಾಗ ಗಾಳಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಒಮ್ಮೊಮ್ಮೆ ಬಿಸಿಲೂ ಬೀಳುತ್ತದೆ. 1926ರ ಸೆಪ್ಟೆಂಬರ್ 18ರ ಬೆಳಿಗ್ಗೆ ಅಮೆರಿಕದ ಮಯಾಮಿ ನಗರದ ಮೇಲೆ ಹೀಗೆ ಕಣ್ಣು ಹಾದುಹೋಯಿತು. ಬಿರುಗಾಳಿ ಮುಗಿಯಿತೆಂದು ಜನ ಮನೆಗಳಿಂದ ಹೊರಗೆ ಬಂದರು. ಹಾನಿ ನೋಡಲು ಬೀದಿಗಿಳಿದರು. ಕೆಲವರು ಕಾರುಗಳಲ್ಲಿ ಹೊರಟರು. ಸುಮಾರು 35 ನಿಮಿಷಗಳಲ್ಲಿ ಕಣ್ಣಿನ ಹಿಂದಿನ ಗೋಡೆ ಬಂದಿತು. ಈ ಸಲ ಗಾಳಿ ಎದುರು ದಿಕ್ಕಿನಿಂದ, ಮೊದಲಿಗಿಂತ ರಭಸವಾಗಿ ಬೀಸಿತು. ಸಮುದ್ರವೂ ಅದರೊಡನೆ ಒಳನುಗ್ಗಿತು. ಹೊರಗೆ ಬಂದ ಅನೇಕರು ಮತ್ತೆ ಮನೆ ಸೇರಲಿಲ್ಲ.

ಈ ಮಾತನ್ನು ರೈತ ಬಾಂಧವರು ವಿಶೇಷವಾಗಿ ಗಮನಿಸಬೇಕು. ನಾವು ಚಿತ್ರ ತೆಗೆಯಲು ಹೋಗುವವರಲ್ಲ, ನಿಜ. ಆದರೆ ಗಾಳಿ ನಿಂತ ಗಳಿಗೆಯಲ್ಲಿ ‘ಕೊಟ್ಟಿಗೆಯಲ್ಲಿ ಎತ್ತು ಏನಾಯಿತೋ, ಪಂಪ್‌ಸೆಟ್ ಮುಳುಗಿತೋ’ ಎಂದು ಜೀವ ತಡೆಯದೆ ಹೊರಗೆ ಕಾಲಿಡುವವರು ನಾವೇ. ಚಿತ್ರಕ್ಕಾಗಿ ಹೋದವನೂ ಎತ್ತಿಗಾಗಿ ಹೋದವನೂ ಆ ಗಾಳಿಗೆ ಒಂದೇ.

ಹಿಂದಿರುಗುವ ದಾರಿ

ಬೆನ್ನಟ್ಟಿ ಹೋಗುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಹೋಗುವಾಗ ತೆರೆದಿದ್ದ ರಸ್ತೆ ಬರುವಾಗ ಇರುವುದಿಲ್ಲ. ಮರಗಳು ಅಡ್ಡ ಬಿದ್ದಿರುತ್ತವೆ, ವಿದ್ಯುತ್ ತಂತಿಗಳು ನೀರಿನಲ್ಲಿ ಮುಳುಗಿರುತ್ತವೆ, ಸೇತುವೆಯ ಮೇಲೆ ನೀರು ಹರಿಯುತ್ತಿರುತ್ತದೆ, ಫೋನು ಸತ್ತಿರುತ್ತದೆ. ಅಮೆರಿಕದ ಹಲವು ಕಡೆ ಗಾಳಿ ಗಂಟೆಗೆ 65ರಿಂದ 80 ಕಿ.ಮೀ. ಮುಟ್ಟಿದೊಡನೆ ಆಂಬುಲೆನ್ಸ್ ಮತ್ತು ಅಗ್ನಿಶಾಮಕ ದಳದವರು ಹೊರಗೆ ಹೋಗುವುದನ್ನು ನಿಲ್ಲಿಸುತ್ತಾರೆ. ಆಮೇಲೆ ಎಷ್ಟು ಕೂಗಿದರೂ ಬರುವವರಿಲ್ಲ. ಗಾಳಿ ಇಳಿದ ಮೇಲೆ ಬಂದವರೂ ಮೊದಲು ಈ ನೋಡುಗರನ್ನು ಎತ್ತಬೇಕಾದರೆ, ಮನೆ ಕುಸಿದು ಸಿಕ್ಕಿಕೊಂಡ ಊರಿನವರ ಸರದಿ ಹಿಂದೆ ಬೀಳುತ್ತದೆ.

ಚಂಡಮಾರುತವನ್ನು ಅರಿಯಲು ಯಾರಾದರೂ ಹೋಗಲೇಬೇಕಲ್ಲವೇ ಎಂದು ಕೇಳಬಹುದು. ಅದಕ್ಕೆಂದೇ ತರಬೇತಿ ಪಡೆದವರಿದ್ದಾರೆ. 1943ರ ಜುಲೈ 27ರಂದು ಅಮೆರಿಕದ ವಾಯುಪಡೆಯ ಜೋಸೆಫ್ ಡಕ್‌ವರ್ತ್ ಟೆಕ್ಸಾಸ್ ತೀರದ ಹರಿಕೇನ್ ಒಳಗೆ ಮೊದಲ ಬಾರಿಗೆ ಉದ್ದೇಶಪೂರ್ವಕವಾಗಿ ವಿಮಾನ ಹಾರಿಸಿದರು. ಇಂದು ನಾಲ್ಕು ಎಂಜಿನ್ನಿನ ಗಟ್ಟಿ ವಿಮಾನಗಳು ಎತ್ತರದಲ್ಲಿ ಹಾರಿ, ಅಳತೆಯ ಉಪಕರಣಗಳನ್ನು ಕೆಳಗೆ ಬಿಡುತ್ತವೆ. ಆದರೂ ಅಪಾಯ ತಪ್ಪಿಲ್ಲ. 1955ರ ಸೆಪ್ಟೆಂಬರ್ 26ರಂದು ಜಾನೆಟ್ ಹರಿಕೇನ್ ಒಳಗೆ ಹೋದ ನೌಕಾಪಡೆಯ ವಿಮಾನ ಹಿಂದಿರುಗಲಿಲ್ಲ. ಅದರಲ್ಲಿದ್ದ ಹನ್ನೊಂದು ಮಂದಿಯಲ್ಲಿ ಇಬ್ಬರು ಪತ್ರಿಕೆಯವರು. 1989ರಲ್ಲಿ ಹ್ಯೂಗೋ ಹರಿಕೇನ್ ಒಳಗೆ ಸುಮಾರು 1,500 ಅಡಿ ಎತ್ತರದಲ್ಲಿ ಹೊಕ್ಕ ಸಂಶೋಧನಾ ವಿಮಾನದ ಒಂದು ಎಂಜಿನ್ ಕೆಟ್ಟು, ಅದು ಕೂದಲೆಳೆಯಲ್ಲಿ ಪಾರಾಯಿತು. ತಿಳಿದವರ ಪಾಡೇ ಹೀಗಿರುವಾಗ ಕಾರಿನಲ್ಲಿ ಹೋದವರ ಪಾಡು ಹೇಳಬೇಕಾಗಿಲ್ಲ.

ನಮ್ಮ ದೇಶದ ಪಾಠ

1999ರ ಅಕ್ಟೋಬರ್ 29ರಂದು ಒಡಿಶಾ ತೀರಕ್ಕೆ ಗಂಟೆಗೆ ಸುಮಾರು 260 ಕಿ.ಮೀ. ಗಾಳಿಯ ಮಹಾ ಚಂಡಮಾರುತ ಬಡಿಯಿತು. ಉಬ್ಬರ ಐದಾರು ಮೀಟರ್ ಏರಿತು. ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರ್ 12ರಂದು ಅದೇ ರಾಜ್ಯದ ಗೋಪಾಲಪುರದ ಬಳಿ ಫೈಲಿನ್ ಚಂಡಮಾರುತ ದಡ ಮುಟ್ಟಿತು. ಗಾಳಿಯ ವೇಗ 1999ರಷ್ಟು ಇರಲಿಲ್ಲವಾದರೂ ಗಂಟೆಗೆ 200 ಕಿ.ಮೀ. ದಾಟಿತ್ತು. ಆದರೆ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಸ್ಥಳಗಳಿಗೆ ಸಾಗಿಸಲಾಗಿತ್ತು. ಸಾವಿನ ಸಂಖ್ಯೆ ನೂರರೊಳಗೇ ಉಳಿಯಿತು. ಬಿರುಗಾಳಿಯ ಎದುರಿನಿಂದ ಸರಿಯುವುದೇ ಅದನ್ನು ಗೆಲ್ಲುವ ದಾರಿ.

ನಮ್ಮ ಕರಾವಳಿಯನ್ನು 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬದಿಯಿಂದ ಸವರಿಕೊಂಡು ಹೋಯಿತು. ಅದು ದಡ ಮುಟ್ಟಿದ್ದು ಮೇ 17ರ ರಾತ್ರಿ, ದೂರದ ಗುಜರಾತಿನಲ್ಲಿ. ಆದರೂ ಉಳ್ಳಾಲ, ಸೋಮೇಶ್ವರದ ಕಡೆ ಕಡಲು ಕೊರೆಯಿತು. ಮೂಲ್ಕಿಯ ಬಳಿ ಬಂಡೆಗಳ ನಡುವೆ ಸಿಕ್ಕಿಕೊಂಡ ಟಗ್ ದೋಣಿಯ ಒಂಬತ್ತು ಮಂದಿಯನ್ನು ಉಳಿಸಲು ತಟರಕ್ಷಣಾ ಪಡೆಯ ಜೊತೆ ನೌಕಾಪಡೆಯ ಹೆಲಿಕಾಪ್ಟರೂ ಬರಬೇಕಾಯಿತು. ಚಂಡಮಾರುತ ದೂರದಲ್ಲಿದೆ ಎಂದು ದಡದಲ್ಲಿ ನಿಲ್ಲುವುದು ಕ್ಷೇಮವಲ್ಲ.

ರೈತರು ಮಾಡಬೇಕಾದದ್ದು

ಭಾರತೀಯ ಹವಾಮಾನ ಇಲಾಖೆ ತೀರದ ಜಿಲ್ಲೆಗಳಿಗೆ ಹಂತಹಂತವಾಗಿ ಎಚ್ಚರಿಕೆ ನೀಡುತ್ತದೆ: ಸುಮಾರು 72, 48, 24 ಮತ್ತು 12 ಗಂಟೆಗಳ ಮುಂಚೆ. ಹೊರಗಿನ ಕೆಲಸವನ್ನೆಲ್ಲ ಮೊದಲ ಎರಡು ಹಂತಗಳಲ್ಲೇ ಮುಗಿಸಬೇಕು.

1. 72 ಗಂಟೆ ಇರುವಾಗ: ಬಲಿತ ಭತ್ತ, ಬಲಿತ ಬಾಳೆಗೊನೆ, ತೆಂಗಿನಕಾಯಿ ಕೊಯ್ದು ಮನೆ ಸೇರಿಸಿ. ನೀರು ಹರಿದುಹೋಗುವ ಕಾಲುವೆ ಬಿಡಿಸಿ. ಗೊಬ್ಬರ ಹಾಕುವುದು, ಔಷಧಿ ಸಿಂಪಡಿಸುವುದು ಬೇಡ.

2. 48 ಗಂಟೆ ಇರುವಾಗ: ಬಾಳೆಗೆ ಊರುಗೋಲು ಕೊಡಿ. ಪಂಪ್‌ಸೆಟ್ಟಿನ ವಿದ್ಯುತ್ ಸಂಪರ್ಕ ತೆಗೆಯಿರಿ. ಮೋಟಾರು ಬಿಚ್ಚಬಹುದಾದರೆ ಎತ್ತರಕ್ಕೆ ಸಾಗಿಸಿ. ಅಂಗಳದ ತಗಡು, ಪೈಪು, ಹಲಗೆಗಳನ್ನು ಒಳಗಿಡಿ.

3. 24 ಗಂಟೆ ಇರುವಾಗ: ದನಕರುಗಳನ್ನು ಎತ್ತರದ ಜಾಗಕ್ಕೆ ಹೊಡೆಯಿರಿ. ಸಾಗಿಸಲಾಗದಿದ್ದರೆ ಹಗ್ಗ ಬಿಚ್ಚಿಬಿಡಿ. ಕಟ್ಟಿದ ದನಕ್ಕೆ ಈಜಲೂ ಆಗದು, ಓಡಲೂ ಆಗದು. ಅಧಿಕಾರಿಗಳು ಸ್ಥಳ ಬಿಡಲು ಹೇಳಿದರೆ ಮಕ್ಕಳು, ಮುದುಕರೊಡನೆ ಆಗಲೇ ಹೊರಡಿ.

4. ದಡ ಮುಟ್ಟುವ ಹೊತ್ತಿನಲ್ಲಿ: ಯಾವ ಕಾರಣಕ್ಕೂ ಹೊರಗೆ ಬರಬೇಡಿ. ಗಾಳಿ ನಿಂತರೂ ಆಕಾಶವಾಣಿಯಲ್ಲಿ ಅಥವಾ ಅಧಿಕಾರಿಗಳಿಂದ ‘ಅಪಾಯ ಕಳೆಯಿತು’ ಎಂಬ ಪ್ರಕಟಣೆ ಬರುವವರೆಗೆ ಕಾಯಿರಿ.

5. ಗಾಳಿ ಇಳಿದ ಮೇಲೆ: ಬಿದ್ದ ತಂತಿಯನ್ನು ಮುಟ್ಟಬೇಡಿ, ದನಗಳನ್ನೂ ಅದರ ಹತ್ತಿರ ಬಿಡಬೇಡಿ. ಹೊಲಕ್ಕೆ ನುಗ್ಗಿದ ಉಪ್ಪುನೀರನ್ನು ಬೇಗ ಬಸಿದು, ಮಳೆಯ ಸಿಹಿನೀರನ್ನು ನಿಲ್ಲಿಸಿ ಮತ್ತೆ ಬಸಿಯಿರಿ. ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಹಾಕಬೇಡಿ.

ಬಿದ್ದ ಬಾಳೆಯ ಬುಡದಲ್ಲಿ ಕಂದು ಬರುತ್ತದೆ. ಉಪ್ಪೇರಿದ ಗದ್ದೆ ಮಳೆ ಬಿದ್ದು ಸುಧಾರಿಸುತ್ತದೆ. ಹೋದ ಜೀವ ಮಾತ್ರ ಹಿಂದಿರುಗುವುದಿಲ್ಲ. ಚಂಡಮಾರುತದ ಹಾನಿಯನ್ನು ನೋಡಿ ಅಂದಾಜು ಮಾಡಲು ಮರುದಿನ ಬೇಕಾದಷ್ಟು ಹೊತ್ತಿರುತ್ತದೆ. ನಿಮ್ಮ ಊರಿನ ಹುಡುಗರು ಅಲೆ ನೋಡಲು ಹೊರಟರೆ ಈ ಲೇಖನವನ್ನು ಓದಿಹೇಳಿ, ಬಾಗಿಲಿನಲ್ಲೇ ತಡೆಯಿರಿ.