ಗಲ್ಲಾಪೆಟ್ಟಿಗೆಯ ಪಾಠ ಶಾಲೆಗೆ ಬಂದಾಗ

ನಿಮ್ಮ ಅಜ್ಜನೋ ದೊಡ್ಡಪ್ಪನೋ ಹಗಲು ಹೋಟೆಲಿನಲ್ಲಿ ದುಡಿದು, ಸಂಜೆ ಮುಂಬಯಿಯ ಕನ್ನಡ ರಾತ್ರಿಶಾಲೆಗೆ ಓಡುತ್ತಿದ್ದ ಕಥೆ ಕೇಳಿಯೇ ಇರುತ್ತೀರಿ. ಅಕ್ಷರ ಕಲಿತದ್ದು ಶಾಲೆಯಲ್ಲಿ, ವ್ಯಾಪಾರ ಕಲಿತದ್ದು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ. ಎರಡನ್ನೂ ಶಾಲೆಯೇ ಕಲಿಸಿದರೆ ಹೇಗೆ?

ದೆಹಲಿಯ ಸರಕಾರಿ ಶಾಲೆಗಳು ಅದನ್ನು ಮಾಡಿ ನೋಡಿದವು. 2019ರಲ್ಲಿ 9ರಿಂದ 12ನೆಯ ತರಗತಿಯವರೆಗೆ ಉದ್ಯಮಶೀಲತೆಯ ಪಾಠ ಆರಂಭವಾಯಿತು. ವಾಣಿಜ್ಯದ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಎಲ್ಲರಿಗೂ. 2021ರಲ್ಲಿ 'ಬಿಸಿನೆಸ್ ಬ್ಲಾಸ್ಟರ್ಸ್' ಬಂತು (ಹೆಸರೇನೋ ದೀಪಾವಳಿ ಪಟಾಕಿಯಂತಿದೆ!). 11 ಮತ್ತು 12ನೆಯ ತರಗತಿಯವರು ಗುಂಪು ಕಟ್ಟಿ ವ್ಯಾಪಾರದ ಯೋಜನೆ ಹಾಕಬೇಕಿತ್ತು. ಅದಕ್ಕೆ ತಲಾ 2000 ರೂಪಾಯಿ ಬಂಡವಾಳ ಸಿಗುತ್ತಿತ್ತು. ಸಣ್ಣ ಮೊತ್ತವೆನ್ನಬೇಡಿ. ಮಾರದೆ ಉಳಿದ ಮಾಲು, ವಸೂಲಾಗದ ಬಾಕಿ, ಪಾಲುದಾರನ ಮುನಿಸು, ಇವನ್ನು ತಿಳಿಯಲು ಅಷ್ಟು ಸಾಕು. ಪಠ್ಯಪುಸ್ತಕದ ಲಾಭ-ನಷ್ಟದ ಲೆಕ್ಕದಲ್ಲಿ ಯಾರ ಕೈಯೂ ಸುಡುವುದಿಲ್ಲ.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಇದಕ್ಕೆ ವಿರುದ್ಧ. "ನಮ್ಮ ಕಷ್ಟ ನಿನಗೆ ಬೇಡ, ಓದಿ ನೌಕರಿ ಹಿಡಿ" ಎನ್ನುತ್ತಾರೆ ಹಿರಿಯರು. ಪ್ರೀತಿಯ ಮಾತೇ, ಆದರೆ ಅವರ ವಿದ್ಯೆ ಅವರೊಂದಿಗೇ ನಿಂತುಹೋಗುತ್ತಿದೆ. ನಿಮ್ಮ ಶಾಲೆ ಅದನ್ನು ಕಲಿಸುವವರೆಗೆ ಕಾಯಬೇಡಿ. ಈ ಭಾನುವಾರ ಅಂಗಡಿಯ ಹಳೆಯ ಲೆಕ್ಕದ ಪುಸ್ತಕ ತೆಗೆಸಿ, ಮೊದಲ ವರ್ಷ ಎಷ್ಟು ಕಳೆದುಕೊಂಡಿರೆಂದು ಕೇಳಿ.