ವರ್ಷಕ್ಕೆ ಐವತ್ತೇ ಗಂಟೆ ಓಡುವ ಎಂಜಿನ್

ಕಳೆದ ವರ್ಷ ಫೆಬ್ರವರಿ ಕೊನೆಯ ವಾರ. ಬೆಂಗಳೂರಿನ ಆಫೀಸಿನಲ್ಲಿ ಮೀಟಿಂಗ್ ನಡೀತಿತ್ತು. ಬಣಕಲ್‌ನಿಂದ ಅಮ್ಮನ ಫೋನು. "ಅಪ್ಪನ ಕೈಗೆ ಪೆಟ್ಟಾಗಿದೆ, ಗಾಬರಿ ಆಗ್ಬೇಡ. ಎಂಜಿನ್ ಹ್ಯಾಂಡಲ್ ವಾಪಸ್ ಹೊಡೀತು ಕಣೋ."

ಕೆರೆ ಪಕ್ಕದ ಶೆಡ್ಡಿನಲ್ಲಿರುವ ಆ ಡೀಸೆಲ್ ಎಂಜಿನ್‌ಗೆ ನನಗಿಂತ ಹೆಚ್ಚು ವಯಸ್ಸು. ಹತ್ತು ಎಚ್‌ಪಿ, ಹ್ಯಾಂಡಲ್ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕು. ಅಪ್ಪನ ಮಣಿಕಟ್ಟಿಗೆ ಪ್ಲಾಸ್ಟರ್ ಬಿತ್ತು. ಎರಡು ದಿನದ ಮೇಲೆ ಎಂಜಿನ್ ಕೂಡ ಮಲಗಿತು. ಮೆಕ್ಯಾನಿಕ್ ಬಿಚ್ಚಿ ನೋಡಿ, "ಕ್ರ್ಯಾಂಕ್ ಹೋಗಿದೆ. ಇನ್ನು ಇದಕ್ಕೆ ದುಡ್ಡು ಸುರೀಬೇಡಿ ಮಾರಾಯ್ರೆ" ಅಂದರು.

ಪಕ್ಕದ ತೋಟದವರು ತಮ್ಮ ಕೆಲಸ ಮುಗಿಸಿ ಎಂಜಿನ್ ಕೊಡುವಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಮೇಲಿನ ಬ್ಲಾಕಿನ ಮೊಗ್ಗು ಅರ್ಧದಷ್ಟು ಒಣಗಿಹೋಗಿತ್ತು.

ಹೂವು ಕಾಯಲ್ಲ

ಕಾಫಿ ತೋಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ರೋಬಸ್ಟಾ ಗಿಡದಲ್ಲಿ ಮೊಗ್ಗು ಬಲಿತು ನಿಂತಿರುತ್ತೆ, ನೀರು ಬಿದ್ದ ಮೇಲೆ ಎಂಟು ಹತ್ತು ದಿನಕ್ಕೆ ಅರಳುತ್ತೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಂದರೆ ಸರಿ, ಬರದಿದ್ದರೆ ಸ್ಪ್ರಿಂಕ್ಲರ್‌ನಲ್ಲಿ ನಾವೇ ಮಳೆ ಸುರಿಸಬೇಕು. ಎರಡು ಮೂರು ವಾರ ಬಿಟ್ಟು ಕಾಯಿ ಕಚ್ಚೋಕೆ ಇನ್ನೊಂದು ಸಲ. ಇದಕ್ಕೆ ಬ್ಯಾಕಿಂಗ್ ಅಂತಾರೆ. ಈ ಎರಡು ಸುತ್ತು ತಪ್ಪಿದರೆ ಆ ವರ್ಷದ ಬೆಳೆಯ ಲೆಕ್ಕವೇ ತಪ್ಪುತ್ತೆ.

ಎಷ್ಟು ನೀರು? ಕನಿಷ್ಠ ಒಂದಿಂಚು ಮಳೆಯಷ್ಟು. ಕೇಳೋಕೆ ಚಿಕ್ಕದು. ಆದರೆ ಒಂದು ಎಕರೆಗೆ ಒಂದಿಂಚು ಅಂದರೆ ಒಂದು ಲಕ್ಷ ಲೀಟರ್‌ಗಿಂತ ಸ್ವಲ್ಪ ಹೆಚ್ಚೇ. ನಮ್ಮ ಐದು ಎಕರೆ ರೋಬಸ್ಟಾಕ್ಕೆ ಒಂದು ಸುತ್ತಿಗೆ ಐದು ಲಕ್ಷ ಲೀಟರ್.

ಎಲ್ಲರೂ ಹೇಳಿದ್ದು ಒಂದೇ: ದೊಡ್ಡದು ತಗೋ

ಹೊಸ ಎಂಜಿನ್ ಅಂದ ಕೂಡಲೇ ಸಲಹೆಗಳ ಮಳೆ ಶುರುವಾಯ್ತು. ಅಂಗಡಿಯವರು 20 ಎಚ್‌ಪಿ ಅಂದರು. ಚಿಕ್ಕಪ್ಪ, "ದೊಡ್ಡದು ಹಾಕಿದ್ರೆ ಎರಡೇ ದಿನಕ್ಕೆ ಮುಗಿಯುತ್ತೆ" ಅಂದರು. ನನ್ನ ತಲೆಯಲ್ಲಿ ಬೇರೆಯದೇ ಓಡ್ತಿತ್ತು: ಕರೆಂಟ್ ಮೋಟಾರ್ ಹಾಕಿ, ಮೊಬೈಲ್ ಸ್ಟಾರ್ಟರ್ ಕೂರಿಸಿ, ಬೆಂಗಳೂರಿಂದಲೇ ಆನ್ ಮಾಡೋದು.

ಅಪ್ಪ ಮಾತ್ರ ಒಂದು ಪ್ರಶ್ನೆ ಕೇಳಿದರು. "ನಮ್ ಪೈಪ್ ತಡೆಯುತ್ತೇನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂದು ಶನಿವಾರ ಪ್ರೆಷರ್ ಗೇಜ್ ಹಿಡಿದು ಕೆರೆ ಹತ್ತಿರ ಹೋದೆ. ಪೈಪ್ ತುಂಬ ನೀರಿದ್ದು ಎಂಜಿನ್ ನಿಂತಿರುವಾಗ ಕೆಳಗಿನ ಗೇಜ್ ನೋಡಿದರೆ ಎತ್ತರ ಗೊತ್ತಾಗುತ್ತೆ. ಒಂದು ಕೆಜಿ ಪ್ರೆಷರ್ ಅಂದರೆ ಹತ್ತು ಮೀಟರ್. ನಮ್ಮದು 2.8 ತೋರಿಸಿತು, ಅಂದರೆ 28 ಮೀಟರ್. ಕೆರೆಯಿಂದ ಪಂಪಿಗೆ ಎಳೆಯೋದು ಮೂರು ಮೀಟರ್. ಸ್ಪ್ರಿಂಕ್ಲರ್ ಸರಿಯಾಗಿ ತಿರುಗೋಕೆ ಮೂರು ಕೆಜಿ, ಅಂದರೆ ಇನ್ನೊಂದು 30 ಮೀಟರ್. ಪೈಪಿನೊಳಗಿನ ಘರ್ಷಣೆಯಲ್ಲಿ ಹೋಗೋದು ಸುಮಾರು 11. ಒಟ್ಟು 72 ಮೀಟರ್.

ನಾವು ಒಂದೇ ಸಲಕ್ಕೆ ಓಡಿಸೋದು ಆರು ಸ್ಪ್ರಿಂಕ್ಲರ್. ಒಂದರ ಬಾಯಿಗೆ ಪೈಪ್ ಸಿಕ್ಕಿಸಿ 200 ಲೀಟರ್ ಡ್ರಮ್ಮಿಗೆ ಬಿಟ್ಟು ನೋಡಿದರೆ ಸೆಕೆಂಡಿಗೆ ಒಂದು ಲೀಟರ್. ಆರಕ್ಕೆ ಆರು ಲೀಟರ್. ಆರನ್ನು 72ರಿಂದ ಗುಣಿಸಿ 75ರಿಂದ ಭಾಗಿಸಿದರೆ ನೀರಿಗೆ ಬೇಕಾದ ಎಚ್‌ಪಿ ಸಿಗುತ್ತೆ. ಪಂಪಿನ ದಕ್ಷತೆ ನೂರಕ್ಕೆ 60 ಅಂತ ಹಿಡಿದರೆ ಉತ್ತರ 9.6.

ಅಪ್ಪನ ಹಳೇ ಎಂಜಿನ್ ಹತ್ತು ಎಚ್‌ಪಿ! ಯಾರೋ ಆಗಲೇ ಲೆಕ್ಕ ಹಾಕಿಯೇ ಕೂರಿಸಿದ್ದರು. ಕೊನೆಕೊನೆಗೆ ಮೇಲಿನ ಬ್ಲಾಕಿಗೆ ನೀರು ಏರದೇ ಇದ್ದದ್ದಕ್ಕೆ ಎಂಜಿನ್ ಒಂದೇ ಕಾರಣ ಆಗಿರಲಿಲ್ಲ. ಫುಟ್‌ವಾಲ್ವ್ ಸೋರುತ್ತಿತ್ತು, ಪೈಪ್ ಜಾಯಿಂಟುಗಳ ರಬ್ಬರ್ ಸವೆದಿತ್ತು.

ಎರಡು ಪಟ್ಟು ಎಂಜಿನ್, ಎರಡು ಪಟ್ಟು ನೀರಲ್ಲ

ಹಾಗಾದರೆ 20 ಎಚ್‌ಪಿ ಹಾಕಿ ಹನ್ನೆರಡು ಸ್ಪ್ರಿಂಕ್ಲರ್ ಓಡಿಸಬಹುದಲ್ಲ? ಇಲ್ಲೇ ಮೋಸ ಹೋಗೋದು. ಅದೇ ಪೈಪಿನಲ್ಲಿ ಎರಡರಷ್ಟು ನೀರು ತಳ್ಳಿದರೆ ಘರ್ಷಣೆ ಸುಮಾರು ನಾಲ್ಕರಷ್ಟಾಗುತ್ತೆ. 11 ಮೀಟರ್ ಇದ್ದದ್ದು 44. ಒಟ್ಟು 105 ಮೀಟರ್. ಅದಕ್ಕೆ ಬೇಕಾಗೋದು 28 ಎಚ್‌ಪಿ. 20 ಎಚ್‌ಪಿ ಅಲ್ಲಿಗೆ ಮುಟ್ಟೋದೇ ಇಲ್ಲ. ಮುಟ್ಟಿಸೋಕೆ ಹೋದರೆ ಪಂಪಿನ ಹತ್ತಿರ ಹತ್ತು ಕೆಜಿ ಪ್ರೆಷರ್, ನಮ್ಮ ಹಳೇ ಅಲ್ಯುಮಿನಿಯಂ ಪೈಪಿನ ಜಾಯಿಂಟುಗಳು ಕಿತ್ಕೊಂಡು ಹೋಗ್ತಿದ್ದವು.

ಆಫೀಸಿನಲ್ಲಿ ಇದನ್ನ ಹೇಳಿದಾಗ ಮಲ್ಪೆ ಕಡೆಯ ಗೆಳೆಯ ನಕ್ಕ. ಅವರ ಮನೆಯಲ್ಲಿ ನಾಡದೋಣಿ ಇದೆ, ಹಿಂದೆ ಔಟ್‌ಬೋರ್ಡ್ ಎಂಜಿನ್ ಕಟ್ಟುತ್ತಾರೆ. "ನಮ್ಮಲ್ಲೂ ಅದೇ ಕಥೆ ಮಾರಾಯ. ಹಳೇ ದೋಣಿಗೆ ಹೊಸ ಎಂಜಿನ್ ತರೋವಾಗ ಮೊದಲು ದೋಣಿಯ ಹಿಂದಿನ ಹಲಗೆ ನೋಡ್ತಾರೆ. ಆ ಭಾರ, ಆ ತಳ್ಳು ಅದು ತಡೀಬೇಕಲ್ಲ" ಅಂದ. ಅಪ್ಪ ಕೇಳಿದ ಪ್ರಶ್ನೆಯೂ ಅದೇ ಆಗಿತ್ತು.

ಕರೆಂಟೋ ಡೀಸೆಲ್ಲೋ

ಎಕ್ಸೆಲ್ ಶೀಟ್‌ನಲ್ಲಿ ನನ್ನ ಕರೆಂಟ್ ಮೋಟಾರೇ ಗೆಲ್ತಿತ್ತು. ಖರ್ಚು ಕಮ್ಮಿ, ಸದ್ದಿಲ್ಲ, ಹೊಗೆ ಇಲ್ಲ. ಅಪ್ಪನಿಗೆ ತೋರಿಸಿದೆ. ಅವರು ಕೇಳಿದರು, "ತ್ರೀ ಫೇಸ್ ಬರೋವರೆಗೆ ಕಾಯೋ ಅಂತ ಹೂವಿಗೆ ನೀನೇ ಹೇಳ್ತೀಯಾ?"

ನಮ್ಮ ಲೈನಿನಲ್ಲಿ ತ್ರೀ ಫೇಸ್ ಬರೋದೇ ಕೆಲವು ಗಂಟೆ. ಹೂವಿನ ವಾರ ಸುತ್ತಲಿನ ತೋಟಗಳ ಮೋಟಾರೆಲ್ಲ ಒಟ್ಟಿಗೆ ಓಡೋದರಿಂದ ವೋಲ್ಟೇಜ್ ಬೇರೆ ಬೀಳುತ್ತೆ. ಸೋಲಾರ್ ನೋಡಿದೆ. ಪ್ಯಾನೆಲ್‌ಗೆ ಬಯಲು ಬೇಕು, ನಮ್ಮದು ಮರದ ನೆರಳಿನ ತೋಟ.

ಆಮೇಲೆ ಗಂಟೆ ಲೆಕ್ಕ ಹಾಕಿದೆ. ಸೆಕೆಂಡಿಗೆ ಆರು ಲೀಟರ್ ಅಂದರೆ ಎಕರೆಗೆ ಐದು ಗಂಟೆಗೆ ಸ್ವಲ್ಪ ಕಮ್ಮಿ. ಐದು ಎಕರೆಗೆ 24 ಗಂಟೆ. ಬ್ಯಾಕಿಂಗೂ ಸೇರಿ ವರ್ಷಕ್ಕೆ ಐವತ್ತು ಗಂಟೆಯೂ ಇಲ್ಲ. ಗಂಟೆಗೆ ಎರಡೂವರೆ ಲೀಟರ್ ಡೀಸೆಲ್ ಅಂದರೂ ವರ್ಷಕ್ಕೆ 125 ಲೀಟರ್. ಇದರಲ್ಲಿ ಉಳಿಸೋ ದುಡ್ಡು, ಒಣಗಿಹೋದ ಅರ್ಧ ಬ್ಲಾಕಿನ ಮುಂದೆ ಏನೂ ಅಲ್ಲ. ನಾವು ಕೊಳ್ಳಬೇಕಿದ್ದದ್ದು ಆ ಐವತ್ತು ಗಂಟೆ ಕೈ ಕೊಡದ ಎಂಜಿನ್.

ದಿನಕ್ಕೆ ಎಂಟು ಗಂಟೆ ತ್ರೀ ಫೇಸ್ ಖಾತ್ರಿ ಇರುವವರಿಗೆ, ವರ್ಷವಿಡೀ ಅಡಿಕೆಗೋ ಮೆಣಸಿಗೋ ನೀರು ಹಾಯಿಸುವವರಿಗೆ ಲೆಕ್ಕ ಬೇರೆ ಬರುತ್ತೆ. ಅವರಿಗೆ ಕರೆಂಟ್ ಮೋಟಾರೇ ಸರಿ.

ಅಂಗಡಿಗೆ ಹೋಗುವ ಮುಂಚೆ

• ಎತ್ತರ, ನೀರಿನ ಪ್ರಮಾಣ, ಪೈಪಿನ ಸ್ಥಿತಿ ಮೂರನ್ನೂ ಅಳೆದು ಬರೆದಿಟ್ಟುಕೊಳ್ಳಿ. ಎಚ್‌ಪಿ ಆಮೇಲೆ.

• ಹಳೇ ಪಂಪ್ ಉಳಿಸಿಕೊಂಡು ಎಂಜಿನ್ ಮಾತ್ರ ಬದಲಿಸೋದಾದರೆ ಆರ್‌ಪಿಎಂ ನೋಡಿ. 1500ರ ಪಂಪಿಗೆ 3000ದ ಎಂಜಿನ್ ನೇರ ಜೋಡಿಸಿದರೆ ಅದು ಕೇಳೋ ಶಕ್ತಿ ಎಂಟು ಪಟ್ಟಾಗುತ್ತೆ. ಒಂದೋ ಪಂಪ್ ಒಡೆಯುತ್ತೆ, ಇಲ್ಲವೇ ಎಂಜಿನ್ ಉಸಿರು ಕಟ್ಟುತ್ತೆ. ನಾವು ಜೋಡಿಯಾಗಿಯೇ ಕೊಂಡೆವು.

• ಬಿಡಿಭಾಗ ಎಲ್ಲಿ ಸಿಗುತ್ತೆ, ರಿಪೇರಿ ಯಾರು ಮಾಡ್ತಾರೆ? ನಮ್ಮ ಮೆಕ್ಯಾನಿಕ್ ಕೈಯಾಡಿಸಿದ ಮಾದರಿಯನ್ನೇ ಆರಿಸಿದೆವು.

• ಸೆಲ್ಫ್ ಸ್ಟಾರ್ಟ್ ಇರಲಿ, ಹ್ಯಾಂಡಲ್ಲೂ ಇರಲಿ. ಹತ್ತು ತಿಂಗಳು ಸುಮ್ಮನಿದ್ದ ಬ್ಯಾಟರಿ ಬೇಕಾದ ದಿನವೇ ಸತ್ತಿರುತ್ತೆ. ತಿಂಗಳಿಗೊಮ್ಮೆ ಕಾಲು ಗಂಟೆ ಓಡಿಸಿ.

• ಎಂಜಿನ್‌ಗೆ ಇಟ್ಟ ದುಡ್ಡಲ್ಲಿ ಸ್ವಲ್ಪ ಫುಟ್‌ವಾಲ್ವ್, ರಬ್ಬರ್‌ಗೆ ತೆಗೆದಿಡಿ.

ಕೊನೆಗೆ ತಂದದ್ದು 12 ಎಚ್‌ಪಿ ಡೀಸೆಲ್ ಪಂಪ್‌ಸೆಟ್, ಚಕ್ರದ ಟ್ರಾಲಿ ಮೇಲೆ. ಈ ಫೆಬ್ರವರಿಯಲ್ಲಿ ರಜೆ ಹಾಕಿ ಊರಿಗೆ ಹೋದೆ. ಅಪ್ಪ ಅಭ್ಯಾಸಬಲದಿಂದ ಟವೆಲ್ ಸೊಂಟಕ್ಕೆ ಬಿಗಿದುಕೊಂಡು ಬಂದರು. ಬಟನ್ ತೋರಿಸಿದೆ. ಒತ್ತಿದರು, ಎಂಜಿನ್ ಶುರುವಾಯ್ತು. "ಇಷ್ಟೇನಾ?" ಅಂದರು, ಸ್ವಲ್ಪ ಬೇಜಾರಿನಲ್ಲೇ.

ಮೇಲಿನ ಬ್ಲಾಕಿಗೆ ನಡೆದುಹೋದೆವು. ಆರೂ ಸ್ಪ್ರಿಂಕ್ಲರ್ ತಿರುಗುತ್ತಿದ್ದವು. ಅಪ್ಪ ಕೈ ಚಾಚಿ ನೀರು ಮುಟ್ಟಿದರು, ಪೆಟ್ಟಾದ ಕೈಯನ್ನೇ.

ಒಂಬತ್ತನೇ ದಿನ ಆಫೀಸಿನಲ್ಲಿದ್ದೆ. ಅಮ್ಮ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಮೇಲಿನ ಬ್ಲಾಕು ಪೂರ್ತಿ ಬೆಳ್ಳಗಾಗಿತ್ತು.