ಪಾನಗೋಷ್ಠಿಯೂ ಹಟ್ಟಿಯ ಕಟ್ಟಳೆಯೂ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಎಂದೊಡನೆ ನೆನಪಾಗುವುದು ಅಶೋಕನ ಶಾಸನ. ಬಿ.ಎಲ್. ರೈಸ್ ಅವರು 1892ರಲ್ಲಿ ಇಲ್ಲಿಯೂ ಸಮೀಪದ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಆ ಶಾಸನಗಳನ್ನು ಬೆಳಕಿಗೆ ತಂದರು. ಇದೇ ಬೆಟ್ಟದ ತಪ್ಪಲಿಗೆ ದ್ರಾಕ್ಷಾರಸದೊಡನೆಯೂ ಒಂದು ದೂರದ ನಂಟಿದೆ ಎಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದ ಸಂಗತಿಯಲ್ಲ.

ಪುರಾತತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಪಾಂಡಿಚೇರಿ ಬಳಿಯ ಅರಿಕಮೇಡುವಿನಲ್ಲಿ ಉತ್ಖನನ ನಡೆಸಿದರು. ಅಲ್ಲಿ ಎರಡು ಹಿಡಿಗಳ, ಚೂಪು ತಳದ ಜಾಡಿಗಳ ಚೂರುಗಳು ದೊರೆತವು. ಮೆಡಿಟರೇನಿಯನ್ ಕಡೆಯಿಂದ ಹಡಗಿನಲ್ಲಿ ದ್ರಾಕ್ಷಾರಸ ತುಂಬಿ ತರುತ್ತಿದ್ದುದು ಇಂಥ ಜಾಡಿಗಳಲ್ಲಿ. ಅವುಗಳ ಜೊತೆಗೆ, ಒಳತಳದಲ್ಲಿ ಸಾಲು ಸಾಲು ಚುಕ್ಕಿಗಳ ಉಂಗುರವಿರುವ ನಯವಾದ ತಟ್ಟೆಗಳ ಚೂರುಗಳೂ ಇದ್ದವು. ಎರಡು ವರ್ಷಗಳ ಬಳಿಕ, 1947ರಲ್ಲಿ, ವೀಲರ್ ಬ್ರಹ್ಮಗಿರಿ ಮತ್ತು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆಸಿದಾಗ ಅದೇ ಬಗೆಯ ತಟ್ಟೆಯ ಚೂರುಗಳು ಕಾಣಿಸಿಕೊಂಡವು. ಅರಿಕಮೇಡುವಿನ ಕಾಲ ಗೊತ್ತಿದ್ದುದರಿಂದ ಬ್ರಹ್ಮಗಿರಿಯ ಮಣ್ಣಿನ ಪದರಗಳಿಗೂ ಕಾಲ ಹೇಳಲು ದಾರಿಯಾಯಿತು. ಈ ತಟ್ಟೆಗಳು ಭಾರತದಲ್ಲಿಯೇ ತಯಾರಾದವು ಎಂದು ಆನಂತರದ ಸಂಶೋಧನೆ ತೋರಿಸಿದೆ. ತಟ್ಟೆ ಬಂದಿತೆಂದ ಮಾತ್ರಕ್ಕೆ ದ್ರಾಕ್ಷಾರಸವೂ ಬಂದಿತೆನ್ನಲಾಗದು. ಆದರೆ ಯವನರು ಅದನ್ನು ಇಳಿಸುತ್ತಿದ್ದ ಕರಾವಳಿಗೂ ಈ ಬಯಲುಸೀಮೆಗೂ ವ್ಯಾಪಾರದ ಎಳೆಯೊಂದು ಇದ್ದುದು ನಿಜ.

ಇಂದು ನಗರಗಳಲ್ಲಿ ಗೆಳೆಯರು ಕಲೆತು ದ್ರಾಕ್ಷಾರಸದ ರುಚಿ ನೋಡುವ ಕೂಟಗಳನ್ನು ಕಟ್ಟಿಕೊಳ್ಳುತ್ತಿರುವಾಗ ಈ ಹಳೆಯ ನಂಟನ್ನು ನೆನೆಯುವುದಕ್ಕೆ ಕಾರಣವಿದೆ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಮದ್ಯವನ್ನೇ ಒಲ್ಲದ ಒಂದು ಗಟ್ಟಿ ಸಂಪ್ರದಾಯದ ನೆಲೆಯೂ ಹೌದು.

ಗೋಷ್ಠಿ ಎಂಬ ಮಾತು

ಕೂಡಿ ಕುಡಿಯುವುದು ಹೊಸದೂ ಅಲ್ಲ, ಪಶ್ಚಿಮದಿಂದಷ್ಟೇ ಬಂದದ್ದೂ ಅಲ್ಲ. ವಾತ್ಸ್ಯಾಯನನ ಕಾಮಸೂತ್ರದಲ್ಲಿ ನಾಗರಿಕರು ಒಬ್ಬರೊಬ್ಬರ ಮನೆಯಲ್ಲಿ ಸೇರಿ ನಡೆಸುವ ಪಾನಕೂಟದ ಪ್ರಸ್ತಾಪವಿದೆ. 10ನೆಯ ಶತಮಾನದ ಪಂಪ ತನ್ನ ವಿಕ್ರಮಾರ್ಜುನ ವಿಜಯದಲ್ಲಿ ಪಾನಗೋಷ್ಠಿಯನ್ನು ಚಿತ್ರಿಸಿದ್ದಾನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ, 12ನೆಯ ಶತಮಾನದ ಮಾನಸೋಲ್ಲಾಸದಲ್ಲಿ ಮದಿರಾಪಾನವೂ ಅರಮನೆಯ ಕ್ರೀಡೆಗಳಲ್ಲಿ ಒಂದು.

ಗೋಷ್ಠಿ ಎಂಬ ಶಬ್ದದ ಮೂಲ ಕುತೂಹಲಕರವಾಗಿದೆ. ಸಂಸ್ಕೃತದಲ್ಲಿ ಗೋಷ್ಠ ಎಂದರೆ ದನಗಳ ಕೊಟ್ಟಿಗೆ. ದನಗಳು ಕೂಡುವ ಜಾಗದ ಹೆಸರು ಜನ ಕೂಡುವ ಸಭೆಗೆ ಬಂತು. ಕವಿಗೋಷ್ಠಿ, ವಿಚಾರಗೋಷ್ಠಿಗಳೆಲ್ಲ ಅದರ ಸಂತಾನ. ಗ್ರೀಕರ ಸಿಂಪೋಸಿಯಂ ಇನ್ನೊಂದು ದಾರಿಯಲ್ಲಿ ಬಂದದ್ದು. ಅದರ ಅರ್ಥವೇ ಕೂಡಿ ಕುಡಿಯುವುದು. ಈಗ ಅದು ವಿದ್ವಾಂಸರ ಸಭೆಗೆ ಹೆಸರು. ಗ್ರೀಕರ ಕೂಟದಲ್ಲಿ ಒಬ್ಬ ಯಜಮಾನನಿರುತ್ತಿದ್ದ. ದ್ರಾಕ್ಷಾರಸಕ್ಕೆ ಎಷ್ಟು ನೀರು ಬೆರೆಸಬೇಕು, ಎಷ್ಟು ಸುತ್ತು ಹಂಚಬೇಕು ಎಂಬುದು ಅವನ ತೀರ್ಮಾನ. ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣವೆಂದು ಅವರು ಭಾವಿಸಿದ್ದರು.

ಹಟ್ಟಿಯ ನಿಷೇಧ

ಕನ್ನಡದ ಹಟ್ಟಿ ಎಂಬ ಮಾತಿಗೂ ದನಗಳ ದೊಡ್ಡಿ ಎಂಬ ಅರ್ಥವಿದೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸಬೇಡರು ಹಟ್ಟಿಗಳಲ್ಲಿ ನೆಲೆಸಿದ ಪಶುಪಾಲಕರು. ದೇವರ ಎತ್ತುಗಳನ್ನು ಸಾಕುವುದು, ಗುಡಿಕಟ್ಟು, ಕಟ್ಟೆಮನೆಗಳ ಮೂಲಕ ಕುಲದ ನ್ಯಾಯ ತೀರಿಸುವುದು ಅವರ ವೈಶಿಷ್ಟ್ಯ. ಬೇಟೆಯ ಹಿನ್ನೆಲೆಯಿದ್ದರೂ ಅವರಿಗೆ ಕೋಳಿ ವರ್ಜ್ಯ. ಹೆಂಡ, ಸಾರಾಯಿಗಳೂ ವರ್ಜ್ಯ. ಹೆಂಡ ಇಳಿಸುವ ಈಚಲ ಮರವನ್ನು ಸಹ ಕಟ್ಟುನಿಟ್ಟಿನವರು ಮುಟ್ಟುವುದಿಲ್ಲ. ಈ ಕಟ್ಟಳೆಯನ್ನು ಇಂದು ಎಲ್ಲರೂ ಒಂದೇ ಬಿಗಿಯಲ್ಲಿ ಪಾಲಿಸುತ್ತಾರೆಂದಲ್ಲ. ಆದರೆ ಅದು ಓದಿನಿಂದಲೋ ಸರ್ಕಾರದ ಆಜ್ಞೆಯಿಂದಲೋ ಬಂದದ್ದಲ್ಲ. ದೇವರಿಗೆ ನಡೆದುಕೊಳ್ಳುವವರು ತಾವೇ ಹಾಕಿಕೊಂಡದ್ದು ಎಂಬುದು ಗಮನಾರ್ಹ.

ಮೇಲುನೋಟಕ್ಕೆ ಗೋಷ್ಠಿಯೂ ಹಟ್ಟಿಯೂ ಪರಸ್ಪರ ವಿರೋಧಿಗಳು. ಒಂದು ಕುಡಿಯಲು ಕೂಡುತ್ತದೆ, ಇನ್ನೊಂದು ಕುಡಿಯಬಾರದೆಂದು ಕೂಡುತ್ತದೆ. ಆದರೆ ಕುಡಿತ ಒಬ್ಬೊಬ್ಬರ ಚಪಲಕ್ಕೆ ಬಿಟ್ಟ ವಿಷಯವಲ್ಲ, ಕೂಡಿದವರೆಲ್ಲ ಸೇರಿ ಅದಕ್ಕೆ ಮೇರೆ ಹಾಕಬೇಕು ಎಂಬುದರಲ್ಲಿ ಎರಡೂ ಒಂದೇ.

2007ರ ಎರಡು ತೀರ್ಮಾನ

ಕರ್ನಾಟಕದಲ್ಲಿ 2007ನೆಯ ಇಸವಿ ಈ ದೃಷ್ಟಿಯಿಂದ ವಿಚಿತ್ರವಾದುದು. ಆ ವರ್ಷದ ಜುಲೈ 1ರಿಂದ ಸಾರಾಯಿ ಮಾರಾಟ ನಿಷೇಧವಾಯಿತು. ಅದೇ ವರ್ಷ ರಾಜ್ಯ ಸರ್ಕಾರ ದ್ರಾಕ್ಷಾರಸ ನೀತಿಯನ್ನು ಪ್ರಕಟಿಸಿತು. ಉದ್ಯಮದ ಬೆಳವಣಿಗೆಗೆ ಮಂಡಳಿಯೂ ಬಂತು. ಕೂಲಿಕಾರರ ಸಾರಾಯಿ ಪ್ಯಾಕೆಟ್ಟು ಹೋಯಿತು, ಅನುಕೂಲಸ್ಥರ ಬಾಟಲಿಗೆ ಪ್ರೋತ್ಸಾಹ ಸಿಕ್ಕಿತು ಎಂದು ಆಕ್ಷೇಪಿಸಬಹುದು. ಇದರ ಹಿಂದೆ ದ್ರಾಕ್ಷಿ ಬೆಳೆಗಾರರ ಹಿತವೂ ಇತ್ತು ಎಂಬುದು ಇನ್ನೊಂದು ಮಗ್ಗುಲು. ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರ ಕಡೆ 1980ರ ದಶಕದ ಕೊನೆಯಲ್ಲೇ ಗ್ರೋವರ್ ಸಂಸ್ಥೆ ಫ್ರಾನ್ಸಿನ ತಳಿಗಳನ್ನು ಬೆಳೆಸತೊಡಗಿತ್ತು. ಆ ಸೀಮೆಯ ಹಳೆಯ ತಳಿಯಾದ ಬೆಂಗಳೂರು ನೀಲಿ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಗೆ ಶೇಂಗಾ ಮತ್ತು ಎಣ್ಣೆ ಗಿರಣಿಗಳೇ ಆಸರೆ. ದ್ರಾಕ್ಷಾರಸ ಇಲ್ಲಿ ಹೊರಗಿನ ಸರಕು.

ರುಚಿ ನೋಡುವ ಬಗೆ

ರುಚಿ ನೋಡುವ ಗೋಷ್ಠಿ ನಡೆಯುವುದು ಹೇಗೆ? ಆರೆಂಟು ಮಂದಿ ಸಾಕು. ತಿಂಗಳಿಗೊಬ್ಬರ ಮನೆಯಲ್ಲಿ ಸೇರುವುದು, ಖರ್ಚನ್ನು ಸಮನಾಗಿ ಹಂಚಿಕೊಳ್ಳುವುದು ರೂಢಿ. ಮೂರು ನಾಲ್ಕು ಬಾಟಲಿಗಳಿಗೆ ಕಾಗದ ಸುತ್ತಿ ಅಂಕಿ ಬರೆಯುತ್ತಾರೆ. ಹೆಸರು, ಬೆಲೆ ಕಂಡರೆ ನಾಲಗೆ ಪಕ್ಷಪಾತ ಮಾಡುತ್ತದೆ. ಲೋಟವನ್ನು ಬಿಳಿಯ ಬಟ್ಟೆಯೆದುರು ಓರೆಯಾಗಿ ಹಿಡಿದು ಬಣ್ಣ ನೋಡಬೇಕು. ಮೆಲ್ಲನೆ ಅಲುಗಿಸಿ ಮೂಸಬೇಕು. ಒಂದು ಗುಟುಕನ್ನು ಬಾಯಲ್ಲಿ ಆಡಿಸಿ ಹುಳಿ, ಸಿಹಿ, ಒಗರುಗಳನ್ನು ಗುರುತಿಸಬೇಕು. ಆಮೇಲೆ ಉಗುಳಬೇಕು. ಅದಕ್ಕಾಗಿಯೇ ಪಾತ್ರೆಯೊಂದನ್ನು ಇಟ್ಟಿರುತ್ತಾರೆ. ತನಗೆ ಅನ್ನಿಸಿದ್ದನ್ನು ಬರೆದುಕೊಂಡ ಬಳಿಕವೇ ಮಾತು.

ಅಳತೆ ಮುಖ್ಯ. 750 ಮಿಲಿಲೀಟರಿನ ಬಾಟಲಿಯಿಂದ 30 ಮಿಲಿಲೀಟರಿನಂತೆ 25 ಪಾಲು ಮಾಡಬಹುದು. ಎಂಟು ಜನಕ್ಕೆ ಒಂದು ಸುತ್ತಿಗೆ ಬೇಕಾದದ್ದು 240 ಮಿಲಿಲೀಟರ್, ಉಳಿಯುವುದು 510. ಪರೀಕ್ಷೆ ಇರುವುದೇ ಇಲ್ಲಿ. ಉಳಿದದ್ದನ್ನೂ ಅಂದೇ ಮುಗಿಸಹೊರಟರೆ ರುಚಿ ನೋಡುವುದು ಹೋಗಿ ಬರೀ ಕುಡಿತ ಉಳಿಯುತ್ತದೆ.

ಮಾತಿನದು ಮತ್ತೊಂದು ತೊಡಕು. ರುಚಿಯನ್ನು ಹೇಳುವ ಪುಸ್ತಕಗಳಲ್ಲಿ ನಾವು ಕಂಡರಿಯದ ಹಣ್ಣುಗಳ ಹೆಸರುಗಳೇ ತುಂಬಿವೆ. ಅವನ್ನು ಬಾಯಿಪಾಠ ಮಾಡಬೇಕಾಗಿಲ್ಲ. ನೇರಳೆ, ಹುಣಸೆ, ಎಲಚಿ, ಹಸಿ ಅಡಿಕೆಯ ಒಗರು, ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆ ಇವು ಸಾಲವೆ? ಶೆನಿನ್ ಬ್ಲಾಂ ಎಂಬ ಬಿಳಿ ದ್ರಾಕ್ಷಾರಸದಲ್ಲಿ ತೇವಗೊಂಡ ಉಣ್ಣೆಯ ವಾಸನೆ ಇರುತ್ತದೆಂದು ಬಲ್ಲವರು ಹೇಳುವುದುಂಟು. ಮಳೆಯಲ್ಲಿ ನೆನೆದ ಕಂಬಳಿಯ ವಾಸನೆ ಕಂಬಳಿಯ ಊರಾದ ಚಳ್ಳಕೆರೆಯವರಿಗಿಂತ ಬೇರೆ ಯಾರಿಗೆ ಚೆನ್ನಾಗಿ ಗೊತ್ತು?

ಮೇರೆ ಯಾರದು?

ಇದೆಲ್ಲ ಸೊಗಸಾಗಿ ಕಂಡರೂ ಮರೆಯಬಾರದ ಮಾತೊಂದಿದೆ. ದ್ರಾಕ್ಷಾರಸದಲ್ಲಿ ಸಾಮಾನ್ಯವಾಗಿ ಶೇಕಡ 11ರಿಂದ 14ರಷ್ಟು ಮದ್ಯಸಾರವಿರುತ್ತದೆ. ಹೃದಯಕ್ಕೆ ಒಳ್ಳೆಯದೆಂಬ ಹಳೆಯ ನಂಬಿಕೆಯನ್ನು ಆಸರೆ ಮಾಡಿಕೊಳ್ಳುವಂತಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಉಗುಳುವ ಪಾತ್ರೆ ಕೇವಲ ಶೋಕಿಯ ವಸ್ತುವಲ್ಲ.

ಹಟ್ಟಿಯ ಹುಡುಗನೊಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಇಂಥ ಗೋಷ್ಠಿಯಲ್ಲಿ ಕುಳಿತನೆನ್ನೋಣ. ಲೋಟ ಮುಟ್ಟುವುದಿಲ್ಲವೆಂದು ಆತ ಹೇಳಿದಾಗ ಉಳಿದವರು ನಡೆದುಕೊಳ್ಳುವ ರೀತಿಯೇ ಆ ಗೋಷ್ಠಿಯ ಯೋಗ್ಯತೆಯನ್ನು ತೋರಿಸುತ್ತದೆ. ಒಂದು ಗುಟುಕಿನಿಂದ ಏನಾದೀತು ಎಂದು ಒತ್ತಾಯಿಸುವವರಿಗೆ ರುಚಿಯೂ ಗೊತ್ತಿಲ್ಲ, ಮೇರೆಯೂ ಗೊತ್ತಿಲ್ಲ. ಆತ ಮೂಸಿ ನೋಡಿ, ನೆನೆದ ಕಂಬಳಿಯ ವಾಸನೆ ಎಂದು ಹೇಳಿ ಲೋಟವನ್ನು ಕೆಳಗಿಟ್ಟರೂ ಗೋಷ್ಠಿಗೆ ಕೊರತೆಯಾಗುವುದಿಲ್ಲ.

ಸಾರಾಯಿ ಅಂಗಡಿಯೆದುರು ಒಂಟಿಯಾಗಿ ನಿಂತು ಕುಡಿದವನಿಗೆ ಗ್ರೀಕರ ಯಜಮಾನನೂ ಇರಲಿಲ್ಲ, ಕಟ್ಟೆಮನೆಯ ಹಿರಿಯರೂ ಇರಲಿಲ್ಲ. ಸಾಕು ಎನ್ನುವವರು ಹತ್ತಿರ ಇಲ್ಲದೆ ಹಾಳಾದ ಸಂಸಾರಗಳು ಎಷ್ಟೋ. ಗೆಳೆಯರ ಗುಂಪು ಕಟ್ಟಲು ಹೊರಟವರು ಬಾಟಲಿ ಕೊಳ್ಳುವ ಮೊದಲು, ಸಾಕು ಎನ್ನುವವರು ಯಾರು ಎಂಬುದನ್ನು ತೀರ್ಮಾನಿಸಿಕೊಳ್ಳುವುದು ಒಳ್ಳೆಯದು.